ಕೊಟ್ಟ ನಿದ್ದೆ

ರಕ್ತ ಕೊಟ್ಟ ಹಾಗೆ ನಿದ್ದೆಯನ್ನೂ ಕೊಡಬಹುದು ಎಂದು ಗೊತ್ತಾದದ್ದು ಕೆಂಗಣ್ಣು ಜ್ವರದ ಎರಡನೆಯ ವರ್ಷ.

ಆಗ ಚಳ್ಳಕೆರೆಯ ಹೊರಗೆ, ಮುಚ್ಚಿಹೋಗಿದ್ದ ಒಂದು ಎಣ್ಣೆ ಮಿಲ್ಲಿನಲ್ಲಿ ಜ್ವರದ ಆಸ್ಪತ್ರೆ ನಡೆಯುತ್ತಿತ್ತು. ಕಡಲೇಕಾಯಿ ತುಂಬಿಡುತ್ತಿದ್ದ ಗೋದಾಮಿನಲ್ಲಿ ನೂರಾ ಎಂಬತ್ತು ಮಂಚ. ಎಷ್ಟು ಫಿನಾಯಿಲ್ ಹಾಕಿ ತೊಳೆದರೂ ಹಿಂಡಿಯ ವಾಸನೆ ಹೋಗಿರಲಿಲ್ಲ. ನೂರು ಜನ ನರ್ಸುಗಳೊಂದಿಗೆ ತೆರೆದ ಆಸ್ಪತ್ರೆಯಲ್ಲಿ ಉಳಿದಿದ್ದವರು ಐವತ್ತೆರಡು ಜನ. ಮಿಕ್ಕವರಲ್ಲಿ ಕೆಲವರು ಜ್ವರ ಬಂದು ಮಲಗಿದ್ದರು, ಕೆಲವರು ತೀರಿಕೊಂಡಿದ್ದರು, ಇನ್ನು ಕೆಲವರು ಯಾರಿಗೂ ಹೇಳದೆ ಊರಿಗೆ ಹೋಗಿಬಿಟ್ಟಿದ್ದರು. ಉಳಿದವರಿಗೆ ಬೆಳಿಗ್ಗೆ ಆರರಿಂದ ಹದಿನಾರು ಗಂಟೆ ಕೆಲಸ. ಸ್ನಾನ ಮಾಡಿ, ಉಂಡು, ಅತ್ತು ಮುಗಿಸುವಷ್ಟರಲ್ಲಿ ಮಲಗಲು ನಾಲ್ಕು ಗಂಟೆ ಉಳಿದರೆ ಹೆಚ್ಚು.

ವನಜಾಕ್ಷಿ ಅಲ್ಲಿನ ಹಿರಿಯ ನರ್ಸು. ನಲವತ್ತೊಂದು ವರ್ಷ. ಗಂಡ ತಿಪ್ಪೇಸ್ವಾಮಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬಸ್ಸು ನಿಂತು ಮನೆಯಲ್ಲಿದ್ದ. ಮಗಳು ದಾಕ್ಷಾಯಿಣಿ ಹತ್ತನೇ ಕ್ಲಾಸು. ಮನೆಗೆ ಸೋಂಕು ತಾಗೀತೆಂದು ವನಜಾಕ್ಷಿ ನಾಲ್ಕು ತಿಂಗಳಿಂದ ಮಿಲ್ಲಿನ ಕಾಂಪೌಂಡಿನೊಳಗೇ ಇದ್ದಳು.

ನಿದ್ರಾ ಕೇಂದ್ರ ತೆರೆಯಲು ಬಂದವಳು ಡಾಕ್ಟರ್ ನಿರುಪಮಾ, ಅದೇ ಊರಿನ ಹುಡುಗಿ. ಎಂಟು ವರ್ಷದ ಹಿಂದೆ, ಅವಳಿನ್ನೂ ಓದುತ್ತಿದ್ದಾಗ, ಪಾರ್ಶ್ವವಾಯು ಬಡಿದು ಮಲಗಿದ್ದ ಅವಳ ತಾಯಿಗೆ ಏಳು ತಿಂಗಳು ಗಂಜಿ ಕುಡಿಸಿ, ಮಗ್ಗುಲು ಹೊರಳಿಸಿ ನೋಡಿಕೊಂಡವಳು ವನಜಾಕ್ಷಿ. ಅಂದಿನಿಂದ ನಿರುಪಮಾ ಅವಳನ್ನು ಅಕ್ಕ ಎನ್ನುತ್ತಿದ್ದಳು. ಊರಿಗೆ ಬಂದಾಗಲೆಲ್ಲ ಅವರ ಮನೆಯಲ್ಲೇ ಊಟ. ತಿಪ್ಪೇಸ್ವಾಮಿ ಅವಳಿಗೆಂದೇ ಮಂಡಕ್ಕಿ ಒಗ್ಗರಣೆ ಮಾಡುತ್ತಿದ್ದ.

ಮೊದಲ ದಿನ ನರ್ಸುಗಳನ್ನೆಲ್ಲ ಕೂರಿಸಿಕೊಂಡು ನಿರುಪಮಾ ವಿವರಿಸಿದಳು. ಗಾಢ ನಿದ್ದೆಯಲ್ಲಿ ಮಿದುಳು ದಿನವಿಡೀ ಸೇರಿದ ಕಸವನ್ನು ತೊಳೆದುಕೊಳ್ಳುತ್ತದೆ. ಆ ತೊಳೆಯುವ ಕೆಲಸ ನಡೆಸುವ ಒಂದು ಪ್ರೋಟೀನು ಆ ಹೊತ್ತಿನಲ್ಲಿ ರಕ್ತಕ್ಕೂ ಇಳಿಯುತ್ತದೆ. ಅದಕ್ಕೆ ಸುಪ್ತಿ ಎಂದು ಹೆಸರಿಟ್ಟಿದ್ದರು. ಮಲಗಿದವನ ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಸುಪ್ತಿಯನ್ನು ಸೋಸಿಕೊಂಡು, ಉಳಿದ ರಕ್ತವನ್ನು ಅವನಿಗೇ ಹಿಂದಿರುಗಿಸುತ್ತಾರೆ. ಮೂರು ಗಂಟೆಯ ನಿದ್ದೆಯಿಂದ ಎರಡು ಸೀಸೆ ಸಿಗುತ್ತದೆ. ಒಂದು ಸೀಸೆ ಏರಿಸಿಕೊಂಡವರಿಗೆ ಆರು ಗಂಟೆ ಮಲಗಿ ಎದ್ದ ಹಾಗೆ.

"ಕೊಟ್ಟವರ ಗತಿ?" ಎಂದು ಗುಲ್ಜಾರ್ ಬಾನು ಕೇಳಿದಳು. ವನಜಾಕ್ಷಿಯ ಜೊತೆ ಒಂದೇ ಕೋಣೆಯಲ್ಲಿದ್ದ ನರ್ಸು ಅವಳು.

"ಮಲಗಿದರೂ ಮಲಗದ ಹಾಗಿರುತ್ತೆ. ಆಮೇಲೆ ಮನೆಯಲ್ಲಿ ಮಲಗಿ ತುಂಬಿಕೊಳ್ಳಬೇಕು," ಎಂದಳು ನಿರುಪಮಾ. "ಅದಕ್ಕೇ ನಿಮ್ಮ ಮನೆಯವರನ್ನೇ ಕೇಳ್ತಿದ್ದೀವಿ. ಅವರು ಕೊಟ್ಟದ್ದು ನಿಮಗೇ ಬರುತ್ತೆ. ಸೀಸೆಯ ಮೇಲೆ ಅವರ ಹೆಸರೇ ಇರುತ್ತೆ."

ವನಜಾಕ್ಷಿಗೆ ಹದಿನೇಳನೆಯ ನಂಬರು ಸಿಕ್ಕಿತು. ತಿಪ್ಪೇಸ್ವಾಮಿ ದಿನ ಬಿಟ್ಟು ದಿನ, ಬಿಸಿಲಲ್ಲಿ ಮೂರು ಮೈಲಿ ಸೈಕಲ್ ತುಳಿದು ಬಂದು, ಮಿಲ್ಲಿನ ಹಳೆಯ ಆಫೀಸಿನಲ್ಲಿ ಹಣೆಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿಸಿಕೊಂಡು ಮಲಗುತ್ತಿದ್ದ. ಎದ್ದ ಮೇಲೆ ಹತ್ತು ನಿಮಿಷ ಗಾಜಿನ ಆಚೆಯಿಂದ ಹೆಂಡತಿಯನ್ನು ನೋಡಿ ಹೋಗುತ್ತಿದ್ದ. ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ಇಷ್ಟು ದಿನ ನಿನಗೆ ಏನೂ ಕೊಟ್ಟಿರಲಿಲ್ಲ, ಈಗ ನಿದ್ದೆ ಕೊಡ್ತಿದ್ದೀನಿ ನೋಡು ಎಂದು ಅವನು ಹೇಳಿದಾಗ ಅವಳು ಮಾಸ್ಕಿನೊಳಗೇ ನಕ್ಕಳು.

ಮೊದಲ ಸೀಸೆ ಏರಿದ ದಿನ ಅವಳಿಗೆ ಜಗತ್ತು ತೊಳೆದಿಟ್ಟ ಹಾಗೆ ಕಂಡಿತು. ಚೀಟಿಯ ಮೇಲಿನ ಸಣ್ಣ ಅಕ್ಷರ ಓದಲು ಬಂತು. ರೋಗಿಗಳ ಹೆಸರು ಕೇಳಿದೊಡನೆ ಮುಖ ನೆನಪಾಯಿತು. ತಿಂಗಳುಗಳ ನಂತರ ಮೊದಲ ಸಲ ಅವಳು ವಾರ್ಡಿನಲ್ಲಿ ಯಾರನ್ನೂ ಗದರಲಿಲ್ಲ.

ಆ ವಾರವೇ ಆಸ್ಪತ್ರೆ ಒಂದು ನಿಯಮ ಸಡಿಲಿಸಿತು. ಅದುವರೆಗೆ ಅಪಾಯದ ಔಷಧಿಯನ್ನು ಪಂಪಿಗೆ ಹಾಕುವಾಗ ಇನ್ನೊಬ್ಬ ನರ್ಸನ್ನು ಕರೆದು ತೋರಿಸಬೇಕಿತ್ತು. ಸೀಸೆ ಏರಿಸಿಕೊಂಡವರು ಮಲಗಿ ಎದ್ದವರೆಂದೇ ಲೆಕ್ಕ, ಅವರಿಗೆ ಆ ಎರಡನೇ ಕಣ್ಣು ಬೇಡ ಎಂದಾಯಿತು. ಕೆಲಸ ಬೇಗ ಸಾಗುತ್ತದೆಂದು ಎಲ್ಲರೂ ಒಪ್ಪಿದರು. ವನಜಾಕ್ಷಿಯೂ ಒಪ್ಪಿದಳು.

ಇಪ್ಪತ್ತನೆಯ ದಿನದ ಹೊತ್ತಿಗೆ ಅವಳಿಗೆ ಏನೋ ಕಡಿಮೆಯಾದಂತೆ ಅನಿಸತೊಡಗಿತು. ಸೀಸೆ ಏರುವಾಗ ಹಾಯೆನಿಸುತ್ತಿತ್ತು, ಆದರೆ ಸಂಜೆಗೆಲ್ಲ ಕಣ್ಣಿನ ಹಿಂದೆ ಮರಳು ಸುರಿದ ಹಾಗೆ.

"ಮೊದಲಿನ ಹಾಗೆ ಇಲ್ಲ ಕಣೆ, ನಿರುಪಮಾ."

"ದೇಹ ಒಗ್ಗಿಕೊಂಡಿದೆ ಅಕ್ಕ. ಮೊದಲು ಬರಗಾಲದಲ್ಲಿ ಮಳೆ ಬಂದ ಹಾಗಿತ್ತು, ಈಗ ದಿನಾ ಬರ್ತಿದೆ, ಅದಕ್ಕೆ ಗೊತ್ತಾಗ್ತಿಲ್ಲ," ಎಂದಳು ಅವಳು. ವನಜಾಕ್ಷಿಗೆ ಅದು ಸರಿಯೆನಿಸಿತು.

ಮನೆಯಿಂದ ದಾಕ್ಷಾಯಿಣಿ ಫೋನು ಮಾಡುತ್ತಿದ್ದಳು. "ಅಮ್ಮಾ, ಅಪ್ಪ ಇವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದ್ರು. ನನ್ನನ್ನ ಅತ್ತೆ ಹೆಸರಿಂದ ಕರೆದ್ರು. ಮಲಗಿದ್ರೂ ನಿದ್ದೆ ಹತ್ತಲ್ಲ ಅಂತಾರೆ."

ವನಜಾಕ್ಷಿ ಗಾಜಿನ ಆಚೆ ನಿಂತಿದ್ದ ಗಂಡನಿಗೆ ಹೇಳಿದಳು: "ಸಾಕು, ಇನ್ನು ಕೊಡಬೇಡಿ."

"ನಾನು ಮನೇಲಿ ಕೂತಿರೋನು. ಉಪ್ಪು ಹೆಚ್ಚಾದ್ರೆ ಮಗಳು ಬೈತಾಳೆ ಅಷ್ಟೆ. ನಿನ್ನ ಕೈ ತಪ್ಪಿದ್ರೆ ಜೀವ ಹೋಗುತ್ತೆ," ಎಂದ ತಿಪ್ಪೇಸ್ವಾಮಿ. ಎಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ ಮನುಷ್ಯ, ಆ ಸಂಜೆ ತನ್ನ ಸೈಕಲ್ಲು ಎಲ್ಲಿ ನಿಲ್ಲಿಸಿದ್ದೆ ಎಂದು ಕಾಂಪೌಂಡಿನಲ್ಲಿ ಕಾಲು ಗಂಟೆ ಹುಡುಕಿದ.

ಮೂವತ್ತನಾಲ್ಕನೆಯ ದಿನ ಕರಿಯಮ್ಮನ ಸಂಗತಿ ನಡೆಯಿತು.

ಕರಿಯಮ್ಮ ಕಂಬಳಿ ನೇಯುವವಳು, ಐವತ್ತೈದರ ಹೆಂಗಸು. ಜ್ವರ ಇಳಿದಿತ್ತು. ಸಕ್ಕರೆ ಕಾಯಿಲೆಯೊಂದು ಹತೋಟಿಗೆ ಬಂದರೆ ಮನೆಗೆ ಹೋಗುವವಳು. ಊಟದ ತಟ್ಟೆ ಬಂದಾಗಲೆಲ್ಲ "ಸಿಸ್ಟ್ರಮ್ಮ, ನೀನು ಉಂಡೆಯಾ?" ಎಂದು ಕೇಳದೆ ತುತ್ತು ಎತ್ತುತ್ತಿರಲಿಲ್ಲ. ಅಂದು ಮಧ್ಯಾಹ್ನ ಎರಡು ಗಂಟೆಗೆ ವನಜಾಕ್ಷಿ ಸೀಸೆ ಏರಿಸಿಕೊಂಡಳು. ಎರಡೂಮುಕ್ಕಾಲಿಗೆ ಕರಿಯಮ್ಮನ ಇನ್ಸುಲಿನ್ ಪಂಪು ಬದಲಾಯಿಸಿದಳು. ಗಂಟೆಗೆ ಎರಡೂವರೆ ಯೂನಿಟ್ ಎಂದು ಒತ್ತಬೇಕಾದಲ್ಲಿ ಚುಕ್ಕೆ ಬಿಟ್ಟು ಇಪ್ಪತ್ತೈದು ಎಂದು ಒತ್ತಿದಳು. ಒತ್ತಿ, ನೋಡಿ, ಸರಿಯಿದೆ ಎಂದುಕೊಂಡು ಮುಂದಿನ ಮಂಚಕ್ಕೆ ಹೋದಳು. ಯಾರನ್ನೂ ಕರೆಯಲಿಲ್ಲ. ತಾನು ಮಲಗಿ ಎದ್ದವಳು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

ಐದೂವರೆಗೆ ಕರಿಯಮ್ಮ ಎಚ್ಚರ ತಪ್ಪಿದ್ದನ್ನು ನೋಡಿದವಳು ಗುಲ್ಜಾರ್. ಪಂಪು ನೋಡಿ, ನಿಲ್ಲಿಸಿ, ಗ್ಲೂಕೋಸ್ ಏರಿಸಿದಳು. ಮಾರನೆಯ ದಿನ ಮಧ್ಯಾಹ್ನ ಕರಿಯಮ್ಮ ತೀರಿಕೊಂಡಳು.

ಕರಿಯಮ್ಮನ ಜ್ವರ ಉಲ್ಬಣಿಸಿತು ಎಂದು ಆಸ್ಪತ್ರೆಯವರು ಅವಳ ಮನೆಯವರಿಗೆ ಹೇಳಿದರು. ವನಜಾಕ್ಷಿಗೆ ಒಂದು ಎಚ್ಚರಿಕೆಯ ಪತ್ರ ಬಂತು. ಅದರಲ್ಲಿ 'ವೈಯಕ್ತಿಕ ಅಜಾಗರೂಕತೆ' ಎಂದಿತ್ತು. ತಾನೇ ಹೋಗಿ ಅವರ ಮನೆಯವರಿಗೆ ಹೇಳುತ್ತೇನೆ ಎಂದು ಅವಳು ಕೇಳಿಕೊಂಡಳು. ಈಗ ಊರಲ್ಲಿ ಗಲಾಟೆಯಾದರೆ ಆಸ್ಪತ್ರೆಯೇ ಮುಚ್ಚುತ್ತದೆ, ಬಾಯಿ ಮುಚ್ಚಿಕೊಂಡಿರಿ ಎಂದು ಮೇಲಿನವರು ಹೇಳಿದರು.

ಔಷಧಿ ಕೋಣೆಯ ನೆಲದ ಮೇಲೆ ಕೂತಿದ್ದ ಅವಳ ಪಕ್ಕದಲ್ಲಿ ನಿರುಪಮಾ ಬಂದು ಕೂತಳು. ಬೆನ್ನ ಮೇಲೆ ಕೈಯಿಟ್ಟಳು.

"ನಿದ್ದೆಗೆಟ್ಟಿದ್ದೆ ಅಂತನಾದ್ರೂ ಹೇಳಿಕೊಳ್ಳೋ ಹಾಗಿಲ್ಲ," ಎಂದಳು ವನಜಾಕ್ಷಿ. "ನಮ್ಮ ಯಜಮಾನರ ನಿದ್ದೆ ಕುಡಿದು, ಗಟ್ಟಿಮುಟ್ಟಾಗಿ ನಿಂತುಕೊಂಡು, ಆ ತಾಯಿಯನ್ನ ಕೊಂದೆ."

"ಹಾಗನ್ನಬೇಡಿ ಅಕ್ಕ. ಚೆನ್ನಾಗಿ ಮಲಗಿ ಎದ್ದವರ ಕೈಯಲ್ಲೂ ತಪ್ಪಾಗುತ್ತೆ," ಎಂದಳು ನಿರುಪಮಾ.

ನಲವತ್ತೇಳನೆಯ ದಿನ ನಿದ್ರಾ ಕೇಂದ್ರ ನಿಂತಿತು. ಎರಡು ವಾರದ ನಂತರ ರಾಜಧಾನಿಯಿಂದ ಅಧಿಕಾರಿಗಳು ಬಂದರು. ಮಿಲ್ಲಿನ ತೂಕದ ಕೋಣೆಯನ್ನೇ ಆಸ್ಪತ್ರೆಯ ಕಂಟ್ರೋಲ್ ರೂಮು ಮಾಡಿದ್ದರು, ಅಲ್ಲಿ ಸಭೆ. ನರ್ಸುಗಳ ಪರವಾಗಿ ವನಜಾಕ್ಷಿಯನ್ನು ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದರು. ನಿರುಪಮಾ ಪರದೆಯ ಮೇಲೆ ಒಂದು ಪಟ್ಟಿ ತೋರಿಸಿದಳು. ಹೆಸರುಗಳಿರಲಿಲ್ಲ, ಒಂದರಿಂದ ಐವತ್ತೆರಡರವರೆಗೆ ನಂಬರುಗಳು ಮಾತ್ರ.

ಮೊದಲ ಐದು ದಿನ ಎಲ್ಲರಿಗೂ ನಿಜವಾದ ಸುಪ್ತಿ ಕೊಟ್ಟೆವು ಎಂದಳು. ಆರನೆಯ ದಿನದಿಂದ ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿತು. ಇಪ್ಪತ್ತಾರು ಜನರಿಗೆ ಸುಪ್ತಿ. ಇಪ್ಪತ್ತಾರು ಜನರಿಗೆ ಅದೇ ಸೀಸೆ, ಅದೇ ಚೀಟಿ, ಒಳಗೆ ಉಪ್ಪು ನೀರು. ದೇಹ ಮೊದಲ ಐದು ದಿನದ ಸುಖವನ್ನು ನೆನಪಿಟ್ಟುಕೊಂಡಿತ್ತು. ಸೂಜಿ ಚುಚ್ಚಿದೊಡನೆ ಆ ನೆನಪೇ ಕೆಲಸ ಮಾಡಿತು. ಎರಡು ಗುಂಪೂ ಒಂದೇ ಸಮ ಹದಿನಾರು ಗಂಟೆ ದುಡಿದವು. ಎರಡನೆಯ ಗುಂಪಿನಲ್ಲಿ ಒಬ್ಬರೂ ಕೆಲಸ ಬಿಟ್ಟು ಹೋಗಲಿಲ್ಲ.

"ಅಂದರೆ ಸುಪ್ತಿ ಇಲ್ಲದೆಯೂ ನಡೆಯುತ್ತದೆ," ಎಂದರು ಒಬ್ಬ ಅಧಿಕಾರಿ. "ಹೊಸದಾಗಿ ನರ್ಸುಗಳನ್ನು ತೆಗೆದುಕೊಳ್ಳುವ ಅಗತ್ಯವೂ ಕಾಣುವುದಿಲ್ಲ. ಇವರ ಮನೋಬಲ ಮೆಚ್ಚಬೇಕು."

ಕೆಲವರು ಚಪ್ಪಾಳೆ ತಟ್ಟಿದರು. ವನಜಾಕ್ಷಿ ಪರದೆಯ ಮೇಲೆ ಹದಿನೇಳನೆಯ ಸಾಲು ಹುಡುಕಿದಳು. ಸಿಕ್ಕಿತು. ಉಪ್ಪು ನೀರು. ಪಕ್ಕದ ಕಾಲಂನಲ್ಲಿ ಅವಳು ಕೆಲಸ ಮಾಡಿದ ಗಂಟೆಗಳು; ಐವತ್ತೆರಡು ಜನರಲ್ಲಿ ಅದೇ ಹೆಚ್ಚು. ತಪ್ಪುಗಳಿಗೆ ಕಾಲಂ ಇರಲಿಲ್ಲ. ಕರಿಯಮ್ಮನ ಸಾವು ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

ಸಭೆ ಮುಗಿದು ಎಲ್ಲರೂ ಚಹಾ ಕುಡಿಯಲು ಹೋದ ಮೇಲೆ ಅವಳು ನಿರುಪಮಾಳ ಮೇಜಿನ ಹತ್ತಿರ ಹೋದಳು.

"ಹದಿನೇಳು ನಾನು."

ನಿರುಪಮಾ ತಂತಿ ಸುತ್ತುತ್ತಿದ್ದವಳು ನಿಲ್ಲಿಸಿದಳು. "ಗೊತ್ತು ಅಕ್ಕ. ಕೂತ್ಕೊಳ್ಳಿ, ಹೇಳ್ತೀನಿ. ಕೊಡೋರು ಕಡಿಮೆ, ಸೀಸೆ ಎಲ್ಲರಿಗೂ ತುಂಬಾ ದಿನ ಸಾಕಾಗ್ತಿರಲಿಲ್ಲ. ಇದು ನಿಜವಾಗಿ ಕೆಲಸ ಮಾಡುತ್ತೆ ಅಂತ ತೋರಿಸಿದ್ರೆ ಮೇಲಿನಿಂದ ಇನ್ನೂ ಹತ್ತು ಯಂತ್ರ ಕೊಡ್ತಿದ್ರು. ತೋರಿಸೋಕೆ ಇದೇ ದಾರಿ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲಿಲ್ಲ."

"ಯಾವಾಗ ಗೊತ್ತಾಯ್ತು?"

ಅವಳು ಮತ್ತೆ ತಂತಿ ಸುತ್ತತೊಡಗಿದಳು.

"ಯಾವಾಗ, ನಿರುಪಮಾ?"

"ಮೂವತ್ತನೇ ದಿನ. ಮಧ್ಯದಲ್ಲಿ ಒಂದು ಸಲ ಪಟ್ಟಿ ತೆಗೆದು ನೋಡಲೇಬೇಕಿತ್ತು."

"ಕರಿಯಮ್ಮ ಮೂವತ್ತನಾಲ್ಕನೇ ದಿನ."

"ಹೌದು ಅಕ್ಕ."

"ಔಷಧಿ ಕೋಣೆಯಲ್ಲಿ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು, ಮಲಗಿ ಎದ್ದವರ ಕೈಯಲ್ಲೂ ತಪ್ಪಾಗುತ್ತೆ ಅಂದೆ."

"ಆಗ ಹೇಳಿದ್ರೆ ಎಲ್ಲಾ ಹಾಳಾಗ್ತಿತ್ತು. ಅಷ್ಟು ಜನರ ಅಷ್ಟು ದಿನದ ಶ್ರಮ. ಫಲಿತಾಂಶ ಹೀಗೆ ತಿರುಗುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ."

"ನಿದ್ದೆಗೆಟ್ಟಿದ್ದೀನಿ ಅಂತ ಗೊತ್ತಿದ್ದಿದ್ರೆ ಗುಲ್ಜಾರನ್ನ ಕರೆದು ತೋರಿಸ್ತಿದ್ದೆ," ಎಂದಳು ವನಜಾಕ್ಷಿ. "ಇಪ್ಪತ್ತು ವರ್ಷ ಹಾಗೇ ಮಾಡಿದ್ದೆ. ದಣಿದಾಗ ನನ್ನ ಮೇಲೆ ನನಗೆ ನಂಬಿಕೆ ಇರ್ತಿರಲಿಲ್ಲ. ನೀನು ನನ್ನ ನಿದ್ದೆ ಕಿತ್ತುಕೊಳ್ಳಲಿಲ್ಲ ಕಣೆ, ಅದು ಮೊದಲೇ ಹೋಗಿತ್ತು. ನನ್ನ ಆ ಅಂಜಿಕೆ ಕಿತ್ತುಕೊಂಡೆ."

ನಿರುಪಮಾ ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡಲು ತನ್ನ ಕೈ ಮುಂದೆ ಹೋಗುತ್ತಿದ್ದುದನ್ನು ಕಂಡು ವನಜಾಕ್ಷಿ ಅದನ್ನು ಹಿಂದಕ್ಕೆ ಎಳೆದುಕೊಂಡಳು.

ಊರಲ್ಲಿ ಜ್ವರ ಇಳಿಯುತ್ತ ಬಂದಿತ್ತು, ಆ ವಾರ ಅವಳಿಗೆ ಮೂರು ದಿನ ರಜೆ ಸಿಕ್ಕಿತು. ಮನೆಗೆ ಬಂದು ತಿಂಡಿ ತಿನ್ನುವಾಗ ಗಂಡನಿಗೆ ಎಲ್ಲ ಹೇಳಿದಳು. ಅವನು ದೋಸೆ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಅವನ ಮರೆವು ಇನ್ನೂ ಹೋಗಿರಲಿಲ್ಲ. ಡಿಪೋ ಮತ್ತೆ ತೆರೆದಿತ್ತು, ಆದರೆ ಅವನನ್ನು ಎಂಜಿನ್ ಕೆಲಸದಿಂದ ತೆಗೆದು ಟಯರು ಎಣಿಸಲು ಹಾಕಿದ್ದರು.

"ಹಾಗಾದ್ರೆ ನನ್ನ ನಿದ್ದೆ ಯಾರಿಗೆ ಹೋಯ್ತು?" ಎಂದು ಕೇಳಿದ.

"ಗುಲ್ಜಾರಿಗೆ. ಇನ್ನೂ ಇಬ್ಬರು ಮೂವರಿಗೆ. ಕೇಂದ್ರದ ದಾಖಲೆಯಲ್ಲಿ ನೋಡಿದೆ."

"ಗುಲ್ಜಾರ್ ಒಳ್ಳೆ ಹುಡುಗಿ. ಕೇಳಿದ್ರೂ ಕೊಡ್ತಿದ್ದೆ," ಎಂದ. ಆಮೇಲೆ, "ಕೇಳಬೇಕಿತ್ತು," ಎಂದ. ತಟ್ಟೆ ಸರಿಸಿ ಎದ್ದು ಹೋದ. ದಾಕ್ಷಾಯಿಣಿ ಅಪ್ಪನ ಹಿಂದೆ ಹೋದಳು. ಹಿತ್ತಿಲಿನಲ್ಲಿ ಅವನು ನಲ್ಲಿ ಬಿಟ್ಟುಕೊಂಡು ಮುಖ ತೊಳೆಯುತ್ತಲೇ ಇದ್ದ ಸದ್ದು ವನಜಾಕ್ಷಿಗೆ ಕೇಳಿಸಿತು.

ಮಾರನೆಯ ದಿನ ನಿರುಪಮಾ ಮನೆಗೇ ಬಂದಳು. ಕೈಯಲ್ಲಿ ಒಂದು ಫಾರಂ. ಸಂಶೋಧನೆಯನ್ನು ಪ್ರಕಟಿಸಬೇಕಾದರೆ ಭಾಗವಹಿಸಿದವರೆಲ್ಲರ ಒಪ್ಪಿಗೆ ಬೇಕು, ಹಿಂದಿನ ತಾರೀಕು ಹಾಕಿ ಸಹಿ ಮಾಡಿದರೆ ಸಾಕು ಎಂದಳು. ಮೂವತ್ತೊಂಬತ್ತು ಜನ ಆಗಲೇ ಮಾಡಿದ್ದಾರೆ ಎಂದಳು.

ತಿಪ್ಪೇಸ್ವಾಮಿ ಬಾಗಿಲಲ್ಲಿ ನಿಂತಿದ್ದವನು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ವನಜಾಕ್ಷಿ ಫಾರಂ ಪೂರ್ತಿ ಓದಿದಳು. "ಇದರಲ್ಲಿ ಕರಿಯಮ್ಮನ ಸಾವು ಸೇರಿಸ್ತೀಯಾ? ಉಪ್ಪು ನೀರಿನವರು ಮಾಡಿದ ತಪ್ಪುಗಳೆಲ್ಲ ಸೇರಿಸ್ತೀಯಾ?"

"ಈ ಅಧ್ಯಯನದಲ್ಲಿ ತಪ್ಪುಗಳನ್ನ ಅಳೆದಿಲ್ಲ ಅಕ್ಕ. ಮೊದಲೇ ಅಳೆಯದ್ದನ್ನ ಈಗ ಸೇರಿಸೋಕೆ ಬರಲ್ಲ."

"ಹಾಗಾದ್ರೆ ನನಗೂ ಸಹಿ ಮಾಡೋಕೆ ಬರಲ್ಲ."

"ಅಕ್ಕ, ಆ ವಿಷಯ ಹೊರಗೆ ಬಂದ್ರೆ ನಿಮಗೇ ತೊಂದರೆ. ಪಂಪು ಒತ್ತಿದ್ದು ನಿಮ್ಮ ಕೈ."

ಅವಳು ಅದನ್ನು ಬೆದರಿಕೆಯ ದನಿಯಲ್ಲಿ ಹೇಳಲಿಲ್ಲ, ಕಾಳಜಿಯ ದನಿಯಲ್ಲೇ ಹೇಳಿದಳು. ಅದೇ ವನಜಾಕ್ಷಿಯ ಎದೆಗೆ ತಾಗಿತು. ಫಾರಂ ಮಡಚಿ ಅವಳ ಕೈಗೆ ಹಿಂದಿರುಗಿಸಿ, ಚಪ್ಪಲಿ ಮೆಟ್ಟಿಕೊಂಡು ಅವಳಿಗಿಂತ ಮೊದಲು ತಾನೇ ಮನೆಯಿಂದ ಹೊರಬಿದ್ದಳು.

ಕರಿಯಮ್ಮನ ಮನೆ ಕುರುಬರ ಓಣಿಯಲ್ಲಿತ್ತು. ಮಗಳು ಮಾರಕ್ಕ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದಳು. ಮೂವತ್ತರ ಆಸುಪಾಸು. ಆಸ್ಪತ್ರೆಯ ಸಿಸ್ಟರ್ ಎಂದು ಗೊತ್ತಾದ ಕೂಡಲೇ ಎದ್ದು ಚಾಪೆ ಹಾಸಿದಳು. "ಅವ್ವ ಫೋನಿನಲ್ಲಿ ನಿಮ್ಮ ವಿಷಯ ಹೇಳ್ತಿದ್ಲು," ಎಂದು ನೀರು ತಂದುಕೊಟ್ಟಳು.

ವನಜಾಕ್ಷಿ ನೀರು ಕುಡಿಯಲಿಲ್ಲ. ಕೂರಲೂ ಇಲ್ಲ. ನಿಂತೇ ಹೇಳಿದಳು. ಎರಡೂವರೆ, ಇಪ್ಪತ್ತೈದು. ಸೀಸೆ, ಉಪ್ಪು ನೀರು. ಯಾರನ್ನೂ ಕರೆದು ತೋರಿಸದೆ ಇದ್ದದ್ದು. ಜ್ವರ ಉಲ್ಬಣಿಸಿದ್ದಲ್ಲ ಎಂಬುದು. ಹೇಳುವಾಗ ಎಲ್ಲಿಯೂ ನಿರುಪಮಾಳ ತಪ್ಪನ್ನು ಮೊದಲಿಗಿಟ್ಟು ತನ್ನ ತಪ್ಪನ್ನು ಆಮೇಲೆ ಇಡಲಿಲ್ಲ.

ಮಾರಕ್ಕ ಮಗ್ಗದ ಅಂಚು ಹಿಡಿದುಕೊಂಡು ನಿಂತಿದ್ದಳು. ಕೇಳಿದಳು: "ಅವ್ವನಿಗೆ ನೋವಾಯ್ತಾ?"

"ಇಲ್ಲ. ಬೆವರಿದ್ರು. ಮಂಪರು ಹತ್ತಿ ಹಾಗೇ ಎಚ್ಚರ ತಪ್ಪಿತು."

"ಎರಡು ದಿನಕ್ಕೆ ಮನೆಗೆ ಕಳಿಸ್ತಾರೆ ಅಂತ ಹೇಳಿದ್ಲು. ನಾನು ಗೋಡೆಗೆ ಸುಣ್ಣ ಹೊಡೆಸಿದ್ದೆ," ಎಂದಳು ಮಾರಕ್ಕ. ಕೊಟ್ಟ ನೀರಿನ ಚೊಂಬನ್ನು ವಾಪಸ್ಸು ತೆಗೆದುಕೊಂಡು ಒಳಗಿಟ್ಟು ಬಂದಳು. "ಈಗ ಹೇಳಿದ್ದನ್ನ ಬರೆದು ಕೊಡ್ತೀರಾ? ಹೆಸರು ಹಾಕಿ?"

"ಕೊಡ್ತೀನಿ."

ಮಾರಕ್ಕನ ಮಗುವಿನ ನೋಟ್‌ಬುಕ್ಕಿನ ಮೂರು ಹಾಳೆಯಲ್ಲಿ ಅವಳು ಬರೆದುಕೊಟ್ಟಳು.

ಆ ಹಾಳೆಗಳಿಂದ ವಿಚಾರಣೆ ಶುರುವಾಯಿತು. ಜಿಲ್ಲಾ ಕಚೇರಿಯಲ್ಲಿ ಒಬ್ಬ ನಿವೃತ್ತ ನ್ಯಾಯಾಧೀಶರು ನಡೆಸಿದರು. ಎರಡನೇ ಕಣ್ಣಿನ ನಿಯಮ ಮತ್ತೆ ಬಂತು. ಹದಿನಾರು ಗಂಟೆ ಹನ್ನೆರಡಾಯಿತು. ಗುಲ್ಜಾರ್ ಬಾನು ಬಂದು, ಪಂಪಿನಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಹೇಳಿ ಹೊರಗೆ ಬಂದವಳು ತಿಪ್ಪೇಸ್ವಾಮಿಯ ಎದುರು ನಿಂತು, ತಲೆ ತಗ್ಗಿಸಿ ಹೋದಳು. ವನಜಾಕ್ಷಿಯನ್ನು ಒಂದು ವರ್ಷ ನರ್ಸಿನ ಕೆಲಸ ಮಾಡದಂತೆ ತಡೆದರು. ಅದು ಅವಳಿಗೆ ಅನ್ಯಾಯವೆನಿಸಲಿಲ್ಲ.

ಕೊನೆಯ ದಿನ ನಿರುಪಮಾಳ ಸರದಿ. ಅವಳು ಬಿಳಿಯ ಕಾಟನ್ ಸೀರೆಯುಟ್ಟು, ಕಡತ ಎದೆಗವಚಿಕೊಂಡು ಬಂದಿದ್ದಳು. ನ್ಯಾಯಾಧೀಶರು ಕೇಳಿದರು: "ಮೂವತ್ತನೆಯ ದಿನ ಪಟ್ಟಿ ತೆಗೆದಾಗ, ಹದಿನೇಳನೆಯವರು ಉಪ್ಪು ನೀರು ಪಡೆಯುತ್ತಿದ್ದಾರೆಂದು ನಿಮಗೆ ತಿಳಿಯಿತೇ?"

ವನಜಾಕ್ಷಿ ತಲೆಯೆತ್ತಿ ಅವಳನ್ನೇ ನೋಡಿದಳು. ಅಷ್ಟೆಲ್ಲ ಆದ ಮೇಲೂ, ಮೇಜಿನ ಹತ್ತಿರ ಅತ್ತಿದ್ದ ಹುಡುಗಿ ಇಲ್ಲಿ ನಿಜ ಹೇಳುತ್ತಾಳೆಂದೇ ಅವಳು ನಂಬಿದ್ದಳು. ಆ ನಂಬಿಕೆ ತನ್ನಲ್ಲಿ ಇನ್ನೂ ಉಳಿದಿದೆ ಎಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ.

"ಇಲ್ಲ," ಎಂದಳು ನಿರುಪಮಾ. "ಆ ದಿನ ಗುಂಪಿನ ಒಟ್ಟು ಸಂಖ್ಯೆ ಮಾತ್ರ ನೋಡಿದೆ. ಯಾರು ಯಾವ ಗುಂಪು ಎಂಬುದು ಕೊನೆಯವರೆಗೂ ನನಗೆ ತಿಳಿದಿರಲಿಲ್ಲ."

"ನಿಮಗೆ ತಿಳಿದಿತ್ತೆಂದು ನೀವೇ ಹೇಳಿದಿರಿ ಎಂದು ಇವರು ಬರೆದಿದ್ದಾರೆ."

"ಅವರು ತುಂಬ ನೊಂದಿದ್ದರು. ತಪ್ಪು ಕೇಳಿಸಿಕೊಂಡಿರಬಹುದು."

ಬೇರೆ ಸಾಕ್ಷಿ ಇರಲಿಲ್ಲ. ಗುಮಾಸ್ತ ಅಷ್ಟನ್ನೂ ಟೈಪು ಮಾಡಿಕೊಂಡ.

ಹೊರಗೆ ಬೇವಿನ ಮರದ ಕೆಳಗೆ ತಿಪ್ಪೇಸ್ವಾಮಿ ಕಾಯುತ್ತಿದ್ದ. "ಏನಂದ್ಲು?" ಎಂದ.

"ಗೊತ್ತಿರಲಿಲ್ಲ ಅಂದ್ಲು."

ವನಜಾಕ್ಷಿ ಕಟ್ಟೆಯ ಮೇಲೆ ಕೂತಳು. ಕರಿಯಮ್ಮ ಸತ್ತ ದಿನ ಬಾರದಿದ್ದ ಅಳು ಈಗ ಬಂತು. ಅವಳು ಸೆರಗು ಮುಚ್ಚಿಕೊಳ್ಳದೆ, ಹೋಗುವವರು ಬರುವವರು ನೋಡುತ್ತಿರುವಂತೆಯೇ ಅತ್ತಳು.

ಮಾರಕ್ಕ ಒಳಗಿನಿಂದ ಬಂದು ಸ್ವಲ್ಪ ದೂರದಲ್ಲಿ ನಿಂತಳು. ವಿಚಾರಣೆಯ ಅಷ್ಟೂ ದಿನ ಅವಳು ಇವರ ಜೊತೆ ಒಂದು ಮಾತೂ ಆಡಿರಲಿಲ್ಲ. ಅಳು ಮುಗಿಯುವವರೆಗೆ ಕಾದಳು.

"ಆ ಡಾಕ್ಟ್ರಮ್ಮ ಸುಳ್ಳು ಹೇಳಿದ್ಲು," ಎಂದಳು ಆಮೇಲೆ.

ವನಜಾಕ್ಷಿ ಮುಖ ಎತ್ತಿದಳು. "ನಿಮಗೆ ಹೇಗೆ ಗೊತ್ತು?"

"ಅವ್ವನನ್ನ ಕೊಂದೆ ಅಂತ ನನ್ನ ಮನೆ ಬಾಗಿಲಿಗೆ ಬಂದು ಹೇಳಿದವರು ನೀವು. ಅದಕ್ಕಿಂತ ಸಣ್ಣದಕ್ಕೆ ಯಾಕೆ ಸುಳ್ಳು ಹೇಳ್ತೀರಿ?" ಎಂದಳು ಮಾರಕ್ಕ. ಅವಳ ದನಿಯಲ್ಲಿ ಮೆತ್ತಗಿನದೇನೂ ಇರಲಿಲ್ಲ. "ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಿ ಆಗಲ್ಲ. ಅದನ್ನ ಕೇಳಬೇಡಿ."

"ಕೇಳಲ್ಲ."

"ಏಳಿ. ಚಳ್ಳಕೆರೆ ಬಸ್ಸು ನಾಲ್ಕಕ್ಕೆ. ಅದು ತಪ್ಪಿದ್ರೆ ಇನ್ನೊಂದಿಲ್ಲ."

ಮೂವರೂ ಬಸ್ ನಿಲ್ದಾಣದ ಕಡೆ ನಡೆದರು. ಬಸ್ಸಿನಲ್ಲಿ ಮಾರಕ್ಕ ಎರಡು ಸಾಲು ಮುಂದೆ, ಒಬ್ಬಳೇ ಕೂತಳು.